ಎಲೆಕ್ಟ್ರಿಕ್ ಪಾತ್ರೆಯಲ್ಲಿ ಲಾಗರ್: ಮುಸುಕಿನ ಜೋಳದ ವಾಸನೆ ಎಲ್ಲಿಂದ, ಬೆಣ್ಣೆ ವಾಸನೆ ಎಲ್ಲಿಂದ?

ಪ್ರಶ್ನೆ: 35 ಲೀಟರಿನ ಎಲೆಕ್ಟ್ರಿಕ್ ಬ್ರೂಯಿಂಗ್ ಪಾತ್ರೆ ಇದೆ. ಮ್ಯಾಶ್ ಮಾಡುವುದು (ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ತೆಗೆಯುವುದು), ಕುದಿಸುವುದು ಎಲ್ಲ ಅದರಲ್ಲೇ. ಬೆಚ್ಚಗೆ ಹುದುಗಿಸುವ ಏಲ್ ಬಿಯರ್ ಚೆನ್ನಾಗಿ ಬರುತ್ತದೆ. ತಂಪಿನಲ್ಲಿ ಹುದುಗಿಸುವ ಲಾಗರ್ ಮಾಡಿದಾಗ ಮಾತ್ರ ಒಂದು ಸಲ ಬೇಯಿಸಿದ ಮುಸುಕಿನ ಜೋಳದ ವಾಸನೆ, ಇನ್ನೊಂದು ಸಲ ಬೆಣ್ಣೆ ವಾಸನೆ. ಲಾಗರ್‌ಗೆ ಈ ಪಾತ್ರೆ ಸಾಲುವುದಿಲ್ಲವೇ?

ಉತ್ತರ: ಸಾಲುತ್ತದೆ. ನೀವು ಹೇಳುವ ಎರಡು ವಾಸನೆಗಳ ಮೂಲ ಬೇರೆ ಬೇರೆ, ಹುಟ್ಟುವ ದಿನವೂ ಬೇರೆ. ಜೋಳದ ವಾಸನೆ ಕುದಿಸಿದ ದಿನದ ತಪ್ಪು, ಅದರಲ್ಲಿ ಪಾತ್ರೆಗೂ ಸ್ವಲ್ಪ ಪಾಲಿದೆ. ಬೆಣ್ಣೆ ವಾಸನೆ ಅದರ ನಂತರದ ಎರಡು ವಾರಗಳದ್ದು, ಅದಕ್ಕೂ ಪಾತ್ರೆಗೂ ಸಂಬಂಧವೇ ಇಲ್ಲ. ಆದ್ದರಿಂದ ಹೊಸ ಪಾತ್ರೆಗೆ ಹಣ ಹಾಕುವ ಮೊದಲು ಒಂದು ಹಳೆಯ ಫ್ರಿಜ್ಜು ಮತ್ತು ಒಂದು ಟೆಂಪರೇಚರ್ ಕಂಟ್ರೋಲರ್ ಕೊಳ್ಳಿ. ಲಾಗರ್ ಆಗುವುದು ಅಲ್ಲಿ.

ಕರ್ನಾಟಕದಲ್ಲಿರುವ ಓದುಗರಿಗೆ ಒಂದು ಮಾತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಬ್ರಿಟನ್ನಿನಲ್ಲಿ 1963ರಿಂದ ಮನೆ ಬಳಕೆಯ ಬಿಯರ್‌ಗೆ ಪರವಾನಗಿ ಬೇಕಿಲ್ಲ. ಅಮೆರಿಕದ ಫೆಡರಲ್ ಕಾನೂನು ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಬಿಡುತ್ತದೆ, ಮಾರುವಂತಿಲ್ಲ. ಈ ಉತ್ತರ ಅಂಥ ಕಡೆ ನೆಲೆಸಿರುವವರಿಗೆ.

ಲೆಕ್ಕಕ್ಕೆ ಒಂದು ಬಿಯರ್ ಇಟ್ಟುಕೊಳ್ಳೋಣ. 1842ರಲ್ಲಿ ಬೊಹೆಮಿಯಾದ (ಈಗಿನ ಚೆಕ್ ದೇಶ) ಪ್ಲ್‌ಜೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಮೊದಲು ತಯಾರಿಸಿದ ಪಿಲ್ಸ್‌ನರ್ ಆಗಲಿ. ತಪ್ಪು ಮುಚ್ಚಿಕೊಳ್ಳಲು ಅದರಲ್ಲಿ ಎಳ್ಳಷ್ಟೂ ಜಾಗವಿಲ್ಲ. ಹುದುಗಿಸುವ ಡಬ್ಬಕ್ಕೆ 20 ಲೀಟರ್ ಇಳಿಯಬೇಕಾದರೆ ಪಿಲ್ಸ್‌ನರ್ ಮಾಲ್ಟ್ 4.7 ಕೆಜಿ, ಮ್ಯೂನಿಕ್ ಮಾಲ್ಟ್ 200 ಗ್ರಾಂ. ಕಹಿಗೆ ಹಾಕುವ ಹಾಪ್ಸ್ ಹೂವು ಸಾಜ್ ತಳಿಯದು, ಕಹಿ ಕೊಡುವ ಆಲ್ಫಾ ಆಮ್ಲ ಶೇ 3.5 ಇರುವಂಥದು: ಕುದಿ ಮುಗಿಯಲು 60 ನಿಮಿಷ ಇರುವಾಗ 60 ಗ್ರಾಂ, 20 ನಿಮಿಷ ಇರುವಾಗ 30 ಗ್ರಾಂ. ಕಹಿ ಸುಮಾರು 30 ಐಬಿಯು (ಬಿಯರ್‌ನ ಕಹಿಯ ಅಳತೆ) ಬರುತ್ತದೆ. ಆರಂಭದ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಹೆಚ್ಚಿದ್ದಷ್ಟೂ ಹೆಚ್ಚು) 1.048, ಕೊನೆಯದು 1.010, ಆಲ್ಕೋಹಾಲ್ ಶೇ 5ರ ಆಸುಪಾಸು.

ನುಚ್ಚು, ನೀರು, ತಳ

ಮಾಲ್ಟನ್ನು ನುಚ್ಚಿನ ಹದಕ್ಕೆ ಒಡೆಸಿ, ಹಿಟ್ಟು ಮಾಡಿಸಬೇಡಿ. ರೋಲರ್‌ಗಳ ನಡುವಿನ ಅಂತರ 1.1ರಿಂದ 1.2 ಮಿ.ಮೀ. ಇದ್ದರೆ ಸಿಪ್ಪೆ ಹೆಚ್ಚುಕಡಿಮೆ ಇಡಿಯಾಗಿ ಉಳಿದು ಒಳಗಿನ ಕಾಳು ಒಡೆಯುತ್ತದೆ. ಒಂದೇ ಪಾತ್ರೆಯ ವ್ಯವಸ್ಥೆಯಲ್ಲಿ ಹಿಟ್ಟು ದೊಡ್ಡ ಶತ್ರು. ಪಂಪು ನೀರನ್ನು ಮೇಲೆತ್ತಿ, ಕಾಳು ತುಂಬಿದ ಜಾಲರಿ ಬುಟ್ಟಿಯ ಮೇಲೆ ಸುರಿಯುತ್ತಿರುತ್ತದೆ. ಹಿಟ್ಟು ಹೆಚ್ಚಾದರೆ ಆ ನೀರು ಕೆಳಕ್ಕೆ ಇಳಿಯುವುದೇ ಇಲ್ಲ, ಬುಟ್ಟಿಯ ಅಡಿ ಬರಿದಾಗುತ್ತದೆ. ಜೊತೆಗೆ ಜಾಲರಿ ದಾಟಿದ ಹಿಟ್ಟು ಹೀಟರಿನ ತಟ್ಟೆಯ ಮೇಲೆ ಕೂತು, ಪಾಯಸ ತಳ ಹಿಡಿದಂತೆ ಸೀಯುತ್ತದೆ. ಆಗ ಸುರಕ್ಷತಾ ಸ್ವಿಚ್ಚು ಕರೆಂಟ್ ಕಡಿದು, ನಡು ಕೆಲಸದಲ್ಲಿ ಪಾತ್ರೆ ತಣ್ಣಗಾಗುತ್ತದೆ. ತಳ ಕೆರೆಯದೆ ಗುಂಡಿ ಒತ್ತಿ ಮತ್ತೆ ಚಾಲೂ ಮಾಡಿದರೆ ಮತ್ತೆ ಕಡಿಯುತ್ತದೆ. ಬಿಸಿ ಏರಿಸುವಾಗ ಒಂದೆರಡು ಸಲ ಮರದ ಸೌಟಿನಿಂದ ಕಾಳನ್ನು ಮಗುಚಿ, ಪಂಪಿನ ಹರಿವು ತಗ್ಗಿಸಿ. ಸೀದ ವಾಸನೆ ಒಮ್ಮೆ ಹಿಡಿದರೆ ಎಷ್ಟು ತಿಂಗಳು ತಣ್ಣಗಿಟ್ಟರೂ ಹೋಗುವುದಿಲ್ಲ.

ಮ್ಯಾಶ್‌ಗೆ 17 ಲೀಟರ್, ಬುಟ್ಟಿ ಎತ್ತಿದ ಮೇಲೆ ಕಾಳು ತೊಳೆಯಲು 76 ಡಿಗ್ರಿ ಸೆಲ್ಸಿಯಸ್ಸಿನ 14 ಲೀಟರ್ ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಇಷ್ಟಕ್ಕೂ ಅರ್ಧ ಕ್ಯಾಂಪ್‌ಡನ್ ಮಾತ್ರೆ ಸಾಕು. ನೀರು ಗಡಸಾಗಿದ್ದರೆ ಅರ್ಧದಷ್ಟು ಆರ್‌ಓ ನೀರು ಬೆರೆಸಿ. ಪ್ಲ್‌ಜೆನ್ನಿನ ನೀರು ತೀರ ಮೆದು, ಆ ಬಿಯರ್‌ನ ನಯಕ್ಕೆ ಅದೂ ಒಂದು ಕಾರಣ. ಮ್ಯಾಶ್ ಶುರುವಾಗಿ ಹತ್ತು ನಿಮಿಷಕ್ಕೆ ಒಂದು ಚಮಚ ತೆಗೆದು ಆರಿಸಿ ಪಿಎಚ್ ನೋಡಿ. 5.3ರಿಂದ 5.4 ಇರಬೇಕು. ಹೆಚ್ಚಿದ್ದರೆ ಶೇ 80ರ ಲ್ಯಾಕ್ಟಿಕ್ ಆಮ್ಲವನ್ನು ಒಂದೊಂದೇ ಮಿಲಿಲೀಟರ್ ಹಾಕುತ್ತ ಇಳಿಸಿ.

65 ಡಿಗ್ರಿಯಲ್ಲಿ 60 ನಿಮಿಷ, 72ರಲ್ಲಿ 15 ನಿಮಿಷ, 76ಕ್ಕೆ ಏರಿಸಿ 10 ನಿಮಿಷ. ಪಾತ್ರೆಯ ಪರದೆ ತೋರಿಸುವುದು ತಳದ ಬಿಸಿಯನ್ನು. ಕಾಳಿನ ನಡುವೆ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕಡಿಮೆ ಇರಬಹುದು, ಹಾಗಾಗಿ ಉದ್ದ ಕಡ್ಡಿಯ ಥರ್ಮಾಮೀಟರನ್ನು ನಡುವಿಗೇ ಚುಚ್ಚಿ ನೋಡಿ. ಬುಟ್ಟಿ ಎತ್ತುವಾಗ ನೀರು ಕುಡಿದ ಕಾಳು ಸೇರಿ ಒಂಬತ್ತು ಕೆಜಿಗೂ ಮೇಲಿರುತ್ತದೆ, ಹಬೆಯಾಡುತ್ತಿರುತ್ತದೆ. ಒಬ್ಬರೇ ಎತ್ತಬೇಡಿ.

ಜೋಳದ ವಾಸನೆ

ಪಿಲ್ಸ್‌ನರ್ ಮಾಲ್ಟನ್ನು ಬಣ್ಣ ಏರಬಾರದೆಂದು ಕಡಿಮೆ ಬಿಸಿಯಲ್ಲಿ ಒಣಗಿಸಿರುತ್ತಾರೆ. ಅದರಿಂದ ಎಸ್‌ಎಂಎಂ ಎಂಬ ಗಂಧಕದ ಸಂಯುಕ್ತ ಅದರಲ್ಲಿ ಹಾಗೇ ಉಳಿಯುತ್ತದೆ. ವೋರ್ಟ್ (ಮ್ಯಾಶ್‌ನಿಂದ ಬಂದ ಸಿಹಿ ರಸ) ಬಿಸಿಯಾದಂತೆ ಅದು ಒಡೆದು ಡಿಎಂಎಸ್ ಆಗುತ್ತದೆ. ಮುಸುಕಿನ ಜೋಳ ಬೇಯಿಸಿದ ನೀರಿನ ವಾಸನೆ ಅದರದೇ. ಪೇಲ್ ಏಲ್ ಮಾಲ್ಟ್ ಹೆಚ್ಚು ಬಿಸಿ ಕಂಡಿರುವುದರಿಂದ ನಿಮ್ಮ ಏಲ್‌ನಲ್ಲಿ ಈ ತೊಂದರೆ ಬಂದಿಲ್ಲ. ಡಿಎಂಎಸ್ 37 ಡಿಗ್ರಿಗೇ ಆವಿಯಾಗುವ ವಸ್ತು. ಹಬೆಗೆ ದಾರಿ ಬಿಟ್ಟರೆ ತಾನೇ ಹೋಗುತ್ತದೆ, ಮುಚ್ಚಳ ಹಾಕಿದರೆ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ.

ಕುದಿಯುವ ಬಿಸಿಯಲ್ಲಿ ಎಸ್‌ಎಂಎಂ ಅರ್ಧಕ್ಕೆ ಇಳಿಯಲು ಸುಮಾರು 35ರಿಂದ 40 ನಿಮಿಷ ಬೇಕು. 60 ನಿಮಿಷ ಕುದಿಸಿದರೆ ಮೂರನೇ ಒಂದು ಭಾಗದಷ್ಟು ಉಳಿದಿರುತ್ತದೆ, 90 ನಿಮಿಷಕ್ಕೆ ಐದನೇ ಒಂದು ಭಾಗದ ಹತ್ತಿರ ಬರುತ್ತದೆ. ಆದ್ದರಿಂದ ಲಾಗರ್‌ಗೆ 90 ನಿಮಿಷ, ಮುಚ್ಚಳ ಪೂರ್ತಿ ತೆಗೆದು.

ಪಾತ್ರೆಯ ಪಾಲು ಇಲ್ಲಿದೆ. 230 ವೋಲ್ಟಿನ ಪಾತ್ರೆಗಳು ಸಾಮಾನ್ಯವಾಗಿ 2000ರಿಂದ 2400 ವ್ಯಾಟ್‌ನವು, ಗಂಟೆಗೆ ಸುಮಾರು 3 ಲೀಟರ್ ಆವಿಯಾಗುವಷ್ಟು ಕುದಿ ಕೊಡುತ್ತವೆ. ಅಮೆರಿಕದ 120 ವೋಲ್ಟಿನವು 1500–1600 ವ್ಯಾಟ್ ಮಾತ್ರ; ತುಂಬಿದ ಪಾತ್ರೆಯಲ್ಲಿ ಬರೀ ಸಣ್ಣ ಗುಳ್ಳೆ ಏಳುತ್ತಿರುತ್ತದೆ, ಮೇಲ್ಮೈ ಮಗುಚುವುದಿಲ್ಲ. ಅಂಥ ಪಾತ್ರೆ ನಿಮ್ಮದಾಗಿದ್ದರೆ ಹೊರಗೆ ದಪ್ಪ ಇನ್ಸುಲೇಷನ್ ಜಾಕೆಟ್ ಸುತ್ತಿ, ಇಲ್ಲವೇ ಪ್ರಮಾಣವನ್ನು 15 ಲೀಟರಿಗೆ ಇಳಿಸಿ. ಕಣ್ಣಂದಾಜು ಬೇಡ, ಅಳೆಯಿರಿ. ಕುದಿಗೆ ಮೊದಲು 27 ಲೀಟರ್, ಗ್ರಾವಿಟಿ 1.040, ಮುಗಿದಾಗ 22.5 ಲೀಟರ್, 1.048. ಈ ಇಳಿತ ಬರದಿದ್ದರೆ ಕುದಿ ಸಾಲದೆಂದೇ ಅರ್ಥ. 2400 ವ್ಯಾಟ್ ಎಂದರೆ ಹತ್ತು ಆಂಪಿಯರ್‌ಗೂ ಮೇಲೆ: ಅರ್ತಿಂಗ್ ಮತ್ತು ಆರ್‌ಸಿಡಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇರುವ ಗೋಡೆ ಸಾಕೆಟ್ಟಿಗೇ ನೇರ ಸಿಕ್ಕಿಸಿ, ಸುರುಳಿ ಎಕ್ಸ್‌ಟೆನ್ಷನ್ ಬಳಸಬೇಡಿ.

ಸ್ವಿಚ್ ಆರಿಸಿದ ಮೇಲೂ ವೋರ್ಟ್ ಬಿಸಿ ಇರುವಷ್ಟು ಹೊತ್ತು ಡಿಎಂಎಸ್ ಹುಟ್ಟುತ್ತಲೇ ಇರುತ್ತದೆ, ಆದರೆ ಈಗ ಹೊತ್ತೊಯ್ಯಲು ಹಬೆಯಿಲ್ಲ. ಅದಕ್ಕೇ ಕೂಲರ್ ಕಾಯಿಲನ್ನು ಕೂಡಲೇ ಚಾಲೂ ಮಾಡಿ. ಬೇಸಿಗೆಯಲ್ಲಿ ನಲ್ಲಿ ನೀರೇ 25 ಡಿಗ್ರಿ ಇದ್ದರೆ ವೋರ್ಟ್ 28ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಬಕೆಟ್ಟಿನಲ್ಲಿ ಐಸ್ ನೀರು ಹಾಕಿ, ಸಣ್ಣ ಪಂಪಿನಿಂದ ಅದನ್ನೇ ಕಾಯಿಲಿನೊಳಗೆ ತಿರುಗಿಸಿ. 20 ಲೀಟರನ್ನು 28ರಿಂದ 10ಕ್ಕೆ ಇಳಿಸಲು ಲೆಕ್ಕದ ಪ್ರಕಾರ ನಾಲ್ಕೂವರೆ ಕೆಜಿ ಐಸ್. ಸೋರಿಕೆಯೆಲ್ಲ ಸೇರಿ ಏಳೆಂಟು ಕೆಜಿ ತಂದಿಟ್ಟುಕೊಳ್ಳಿ. ಅಷ್ಟು ಐಸ್ ಸಿಗದಿದ್ದರೆ 28ರಲ್ಲೇ ಸ್ಯಾನಿಟೈಸ್ ಮಾಡಿದ ಡಬ್ಬಕ್ಕೆ ಇಳಿಸಿ, ಬಿಗಿಯಾಗಿ ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಯೀಸ್ಟ್ ಹಾಕಿ. ಬೆಚ್ಚಗಿರುವಾಗಲೇ ಆತುರಪಟ್ಟು ಹಾಕುವುದಕ್ಕಿಂತ ಇದು ಎಷ್ಟೋ ವಾಸಿ.

ಬೆಣ್ಣೆ ವಾಸನೆ

ಮೊಸರಿಗೆ ಹೆಪ್ಪು ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಚಳಿಗಾಲದಲ್ಲಿ ಹೆಪ್ಪು ಹೆಚ್ಚು ಬೇಕು. ಲಾಗರ್ ಯೀಸ್ಟಿನ ಕೆಲಸ ಯಾವಾಗಲೂ ಚಳಿಗಾಲವೇ. ಅದು ಏಲ್ ಯೀಸ್ಟಿಗೂ ತಂಪು ತಾಳುವ ಇನ್ನೊಂದು ಕಾಡು ಯೀಸ್ಟಿಗೂ ಹುಟ್ಟಿದ ಮಿಶ್ರ ತಳಿ. ಆ ಕಾಡು ತಳಿ ಪತ್ತೆಯಾದದ್ದನ್ನು ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು, ಸಿಕ್ಕಿದ್ದು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡಿನಲ್ಲಿ. ತಂಪಿನಲ್ಲಿ ಕೆಲಸ ಮಾಡುತ್ತದೆ, ಆದರೆ ನಿಧಾನ. ಹಾಗಾಗಿ ಸಂಖ್ಯೆ ಬೇಕು.

1.048 ಗ್ರಾವಿಟಿಯ 20 ಲೀಟರಿಗೆ ಸುಮಾರು 36,000 ಕೋಟಿ ಜೀವಕೋಶಗಳು ಬೇಕೆಂಬುದು ಲಾಗರ್ ಮಾಡುವವರ ಲೆಕ್ಕ, ಏಲ್‌ಗೆ ಹಾಕುವುದರ ಎರಡರಷ್ಟು. ಡಬ್ಲ್ಯೂ-34/70ರಂಥ ಒಣ ಯೀಸ್ಟಾದರೆ 11.5 ಗ್ರಾಮಿನ ಎರಡು ಪೊಟ್ಟಣ. ಏಲ್‌ನ ರೂಢಿಯಲ್ಲಿ ಒಂದೇ ಪೊಟ್ಟಣ ಹಾಕುವುದು, ಸಾಲದ್ದಕ್ಕೆ ಬೇಗ ಚುರುಕಾಗಲಿ ಎಂದು 22 ಡಿಗ್ರಿಯಲ್ಲಿ ಹಾಕಿ ಆಮೇಲೆ ತಣ್ಣಗೆ ಮಾಡುವುದು, ಬೆಣ್ಣೆ ವಾಸನೆ ಬಂದ ಬಹುಪಾಲು ಬಿಯರ್‌ಗಳ ಹಿಂದೆ ಇವೆರಡೇ ಇರುತ್ತವೆ. ವೋರ್ಟ್ 10 ಡಿಗ್ರಿಯಲ್ಲಿದ್ದಾಗ ಯೀಸ್ಟ್ ಹಾಕಿ, 12ಕ್ಕೆ ಏರಲು ಬಿಟ್ಟು ಅಲ್ಲೇ ಹಿಡಿಯಿರಿ. ಮೊದಲ ಒಂದೂವರೆ ದಿನ ಏನೂ ನಡೆಯದಂತೆ ಕಂಡರೆ ಗಾಬರಿ ಬೇಡ. ಮಧ್ಯೆ ಕೊಳೆತ ಮೊಟ್ಟೆಯ ವಾಸನೆ ಬಂದರೂ ಚಿಂತೆಯಿಲ್ಲ. ಅದು ಗಂಧಕದ್ದು, ತಾನಾಗಿ ಹೋಗುತ್ತದೆ.

ಕಂಟ್ರೋಲರಿನ ಸೆನ್ಸರನ್ನು ಫ್ರಿಜ್ಜಿನ ಗಾಳಿಯಲ್ಲಿ ನೇತುಬಿಡಬೇಡಿ. ಡಬ್ಬದ ಹೊರಮೈಗೆ, ಬಿಯರ್ ಮಟ್ಟದ ಕೆಳಗೆ, ಮೇಲೊಂದು ಸ್ಪಂಜು ಇಟ್ಟು ಟೇಪು ಸುತ್ತಿ. ಹುದುಗುವಾಗ ಬಿಯರ್ ತಾನೇ ಬಿಸಿ ಹುಟ್ಟಿಸುತ್ತದೆ, ಗಾಳಿ 12 ಇದ್ದರೂ ಒಳಗೆ 15 ಆಗಿರಬಹುದು. ಕಂಪ್ರೆಸರ್ ಉಳಿಯಲು ಐದು ನಿಮಿಷದ ವಿಳಂಬ ಇಟ್ಟುಕೊಳ್ಳಿ.

ಹುದುಗುವಾಗ ಯೀಸ್ಟ್ ಹೊರಬಿಡುವ ಒಂದು ವಸ್ತು ನಿಧಾನವಾಗಿ ಡೈಅಸಿಟೈಲ್ ಆಗಿ ಬದಲಾಗುತ್ತದೆ. ಬೆಣ್ಣೆ ವಾಸನೆ ಅದು. ಯೀಸ್ಟ್ ಚುರುಕಾಗಿದ್ದರೆ ಅದನ್ನು ಮತ್ತೆ ಹೀರಿಕೊಳ್ಳುತ್ತದೆ, ತಣ್ಣಗೆ ಮಲಗಿದ್ದರೆ ಇಲ್ಲ. ಗ್ರಾವಿಟಿ 1.020ಕ್ಕೆ ಇಳಿದಾಗ, ಸಾಮಾನ್ಯವಾಗಿ ಐದರಿಂದ ಎಂಟನೇ ದಿನದೊಳಗೆ, ಕಂಟ್ರೋಲರನ್ನು 17ಕ್ಕೆ ಏರಿಸಿ ಮೂರು ನಾಲ್ಕು ದಿನ ಬಿಡಿ. ದಿನ ಎಣಿಸಬೇಡಿ, ಹೈಡ್ರೋಮೀಟರ್ ನೋಡಿ.

ಮುಗಿಯಿತೋ ಇಲ್ಲವೋ ತಿಳಿಯಲು ಎರಡು ಲೋಟದ ಪರೀಕ್ಷೆ ಮಾಡಿ. ಎರಡಕ್ಕೂ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು ತಟ್ಟೆ ಮುಚ್ಚಿ. ಒಂದನ್ನು 60–65 ಡಿಗ್ರಿಯ ನೀರಿನಲ್ಲಿ 20 ನಿಮಿಷ ಇಟ್ಟು, ತಣ್ಣೀರಿನಲ್ಲಿ ಆರಿಸಿ, ಎರಡನ್ನೂ ಒಂದಾದ ಮೇಲೊಂದು ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಎದ್ದರೆ, ಇನ್ನೂ ಡೈಅಸಿಟೈಲ್ ಆಗದ ಮೂಲವಸ್ತು ಒಳಗೆ ಉಳಿದಿದೆ. ಈಗ ತಣ್ಣಗೆ ಮಾಡಿದರೆ ಬಾಟಲಿಯಲ್ಲಿ ವಾಸನೆ ಬರುತ್ತದೆ. ಇನ್ನೆರಡು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಎರಡರಲ್ಲೂ ಏನೂ ಇಲ್ಲದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ತಣ್ಣಗೆ, ಬಾಟಲಿಗೆ

ದಿನಕ್ಕೆ ಎರಡು ಡಿಗ್ರಿಯಂತೆ 1 ಡಿಗ್ರಿಯವರೆಗೆ ಇಳಿಸಿ, ನಾಲ್ಕು ವಾರ ಮುಟ್ಟಬೇಡಿ. ತಣ್ಣಗಾಗುವಾಗ ಡಬ್ಬದೊಳಗಿನ ಅನಿಲ ಕುಗ್ಗಿ ಏರ್‌ಲಾಕಿನ (ಅನಿಲ ಹೊರಬಿಟ್ಟು ಗಾಳಿ ತಡೆಯುವ ನೀರಿನ ಕೊಳವೆ) ನೀರನ್ನೂ ಹೊರಗಿನ ಗಾಳಿಯನ್ನೂ ಒಳಗೆಳೆಯುತ್ತದೆ. ಅದಕ್ಕೆ ಮೊದಲೇ ಏರ್‌ಲಾಕ್ ತೆಗೆದು ಸ್ಯಾನಿಟೈಸ್ ಮಾಡಿದ ಗಟ್ಟಿ ಬಿರಡೆ ಹಾಕಿ. ಗಟ್ಟಿ ಗೋಡೆಯ ಡಬ್ಬವೇ ಆಗಿರಬೇಕು, ತೆಳು ಪ್ಲಾಸ್ಟಿಕ್ಕಾದರೆ ಒಳಕ್ಕೆ ಕುಸಿಯುತ್ತದೆ.

ಬಾಟಲಿಗೆ ಲೀಟರಿಗೆ 6 ಗ್ರಾಂ ಸಕ್ಕರೆ, 650 ಮಿಲಿಯ ಬಾಟಲಿಗೆ 4 ಗ್ರಾಂ. ಸಕ್ಕರೆ ಲೆಕ್ಕ ಹಾಕುವ ಕೋಷ್ಟಕಗಳು ಬಿಯರ್‌ನ ತಾಪಮಾನ ಕೇಳಿದಾಗ ಈಗಿನ 1 ಡಿಗ್ರಿ ಕೊಡಬೇಡಿ, ಬೆಣ್ಣೆ ವಾಸನೆ ಕಳೆಯಲು ಏರಿಸಿಟ್ಟಿದ್ದ 17 ಡಿಗ್ರಿ ಕೊಡಿ. ಅನಿಲ ಹೊರಟುಹೋದದ್ದು ಆ ಬಿಸಿಯಲ್ಲಿ. 1 ಡಿಗ್ರಿ ಕೊಟ್ಟರೆ ಇಲ್ಲದ ಅನಿಲವನ್ನು ಇದೆಯೆಂದು ಎಣಿಸಿ ಕಡಿಮೆ ಸಕ್ಕರೆ ಹೇಳುತ್ತದೆ, ಬಿಯರ್ ಸಪ್ಪೆಯಾಗುತ್ತದೆ. ದಪ್ಪ ಗಾಜಿನ ಬಿಯರ್ ಬಾಟಲಿಗಳನ್ನೇ ಬಳಸಿ, 20 ಡಿಗ್ರಿಯ ಕತ್ತಲೆ ಮೂಲೆಯಲ್ಲಿ ಎರಡು ವಾರ ಇಡಿ. ಒಂದನ್ನು ತಣ್ಣಗೆ ಮಾಡಿ ತೆರೆದು ನೋಡಿ. ಅನಿಲ ಸರಿಯಾಗಿದ್ದರೆ ಉಳಿದವನ್ನೆಲ್ಲ ಫ್ರಿಜ್ಜಿಗೆ ಸೇರಿಸಿ, ಇಲ್ಲದಿದ್ದರೆ ಇನ್ನೊಂದು ವಾರ ಅಲ್ಲೇ ಬಿಡಿ.