ಕಲ್ಯಾಣದ ಮನೆಯೊಳಕ್ಕೆ ಕಾಲಿಟ್ಟವರು

ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿ 1995ರಲ್ಲಿ ಹೊರಬಂದಿತು. ಅದಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಸಂದಿತು. 1997ರಲ್ಲಿ ಅದೇ ರಾಜ್ಯದ ಸರ್ಕಾರ ಆ ಕಾದಂಬರಿಯ ಪ್ರತಿಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳುವ ಅಧಿಸೂಚನೆ ಹೊರಡಿಸಿತು. ಬಸವಣ್ಣನವರ ಸೋದರಿ ಅಕ್ಕನಾಗಮ್ಮನನ್ನು ಚಿತ್ರಿಸಿದ ರೀತಿ ಅನುಯಾಯಿಗಳ ಮನಸ್ಸನ್ನು ನೋಯಿಸುವಂಥದ್ದು ಎಂಬುದು ಮುಖ್ಯ ಆಕ್ಷೇಪವಾಗಿತ್ತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದರು, ಅಲ್ಲಿ ಸೋತು ಸುಪ್ರೀಂ ಕೋರ್ಟಿಗೂ ಹೋದರು. 2007ರಲ್ಲಿ ಅಲ್ಲಿಯೂ ಸರ್ಕಾರದ ಕ್ರಮವೇ ಊರ್ಜಿತವಾಯಿತು.

ಇದು ಒಂಟಿ ಪ್ರಕರಣವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಮುಟ್ಟಿದ ಕನ್ನಡದ ಲೇಖಕರಲ್ಲಿ ಕೆಲವರಿಗೆ ಏನೂ ಆಗಲಿಲ್ಲ, ಕೆಲವರು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಪಿ. ಲಂಕೇಶರ ‘ಸಂಕ್ರಾಂತಿ’ಯಾಗಲಿ ಗಿರೀಶ ಕಾರ್ನಾಡರ ‘ತಲೆದಂಡ’ವಾಗಲಿ ಮೃದುವಾದ ನಾಟಕಗಳಲ್ಲ. ಶರಣ ಚಳವಳಿಯ ಸೋಲನ್ನೂ ಅದರೊಳಗಿನ ಬಿರುಕನ್ನೂ ಎರಡೂ ಹಸಿಹಸಿಯಾಗಿ ತೋರಿಸುತ್ತವೆ. ಆದರೂ ಅವು ರಂಗದ ಮೇಲೆ ಉಳಿದವು, ನಿಷೇಧಕ್ಕೆ ಒಳಗಾಗಲಿಲ್ಲ. ಆ ಎರಡು ನಾಟಕಗಳ ವಸ್ತು ಕಲ್ಯಾಣದ ಬೀದಿಯಲ್ಲಿದೆ, ಅರಮನೆಯಲ್ಲಿದೆ. ಜಾತಿ ಮೀರಿದ ಪ್ರೇಮ, ಮದುವೆ, ಬಿಜ್ಜಳನ ಆಸ್ಥಾನ, ಹಿಂಸೆ, ಇವೆಲ್ಲ ಎಲ್ಲರೂ ಒಪ್ಪಿಕೊಂಡಿರುವ ಬಹಿರಂಗದ ಕಥೆ. ಲೇಖಕ ಬೀದಿ ಬಿಟ್ಟು ಬಸವಣ್ಣನವರ ಮನೆಯ ಹೊಸ್ತಿಲು ದಾಟಿದಾಗ ಮಾತ್ರ ಗದ್ದಲ ಏಳುತ್ತದೆ ಎಂದು ನನಗೆ ತೋರುತ್ತದೆ.

ಆ ಮನೆಯೊಳಗಿನ ಪ್ರಶ್ನೆ ಚೆನ್ನಬಸವಣ್ಣನ ಹುಟ್ಟಿನದು. ಆತ ಅಕ್ಕನಾಗಮ್ಮನ ಮಗ, ಕಲ್ಯಾಣದ ಶರಣರಲ್ಲಿ ಮಹಾಜ್ಞಾನಿ ಎನಿಸಿಕೊಂಡವನು. ತಂದೆಯ ವಿಷಯದಲ್ಲಿ ಪರಂಪರೆ ಒಂದೇ ಮಾತನ್ನು ಹೇಳುವುದಿಲ್ಲ. ಆಕೆ ಪ್ರಸಾದ ಸೇವಿಸಿದ್ದರಿಂದ ಮಗು ಹುಟ್ಟಿತೆಂಬುದು ಅದರಲ್ಲಿ ಪ್ರಸಿದ್ಧವಾದದ್ದು. ಪುರಾಣಕ್ಕೆ ಇದರಲ್ಲಿ ಯಾವ ತೊಡಕೂ ಇಲ್ಲ. ಪವಾಡ ಅದರ ವ್ಯಾಕರಣವೇ ಆಗಿರುವುದರಿಂದ ಪ್ರಸಾದ ಎಂದರೆ ಸಾಕು, ಕೇಳುವವರು ಕೈ ಮುಗಿದು ಮುಂದಿನ ಪದ್ಯಕ್ಕೆ ಹೋಗುತ್ತಾರೆ. ಆದರೆ ಚರಿತ್ರೆಕಾರನಿಗೂ ಕಾದಂಬರಿಕಾರನಿಗೂ ಆ ಅನುಕೂಲವಿಲ್ಲ. ಬಸುರಿ, ಬಾಣಂತಿ, ನೆರೆಹೊರೆಯವರ ಮಾತು, ಇವನ್ನೆಲ್ಲ ಬರೆಯಹೊರಟವನು ತಂದೆ ಯಾರೆಂಬ ಪ್ರಶ್ನೆಗೆ ಹೇಗಾದರೂ ಮುಖಾಮುಖಿಯಾಗಲೇಬೇಕು. ಲೇಖಕನಿಗೆ ದುರುದ್ದೇಶವಿರಲಿ ಬಿಡಲಿ, ಆಯ್ದುಕೊಂಡ ಬರವಣಿಗೆಯ ಪ್ರಕಾರವೇ ಅವನನ್ನು ಅಲ್ಲಿಗೆ ತಂದು ನಿಲ್ಲಿಸುತ್ತದೆ.

ಎಂ.ಎಂ. ಕಲಬುರ್ಗಿಯವರು ಅಲ್ಲಿಗೆ ಬಂದದ್ದು ಸಂಶೋಧಕರಾಗಿ. 1980ರ ದಶಕದ ಕೊನೆಯಲ್ಲಿ ತಮ್ಮ ಸಂಶೋಧನ ಲೇಖನಗಳ ಸಂಗ್ರಹವಾದ ‘ಮಾರ್ಗ’ದ ಮೊದಲ ಸಂಪುಟದಲ್ಲಿ ಅವರು ಚೆನ್ನಬಸವಣ್ಣ ಅಕ್ಕನಾಗಮ್ಮನಿಗೂ ತೊಗಲು ಹದಮಾಡುವ ಕುಲದ ಶರಣ ಡೋಹರ ಕಕ್ಕಯ್ಯನಿಗೂ ಹುಟ್ಟಿದವನಿರಬಹುದು ಎಂಬ ಊಹೆಯನ್ನು ಮುಂದಿಟ್ಟರು. ಒತ್ತಡ, ಬೆದರಿಕೆ ಎರಡೂ ಬಂದವು. 1989ರಲ್ಲಿ ಅವರು ಆ ಬರಹಗಳನ್ನು ಹಿಂತೆಗೆದುಕೊಂಡರು. ಕುಟುಂಬದವರ ಜೀವ ಉಳಿಸಲು ಹಾಗೆ ಮಾಡಿದೆ, ಅದು ತನ್ನ ಬೌದ್ಧಿಕ ಆತ್ಮಹತ್ಯೆ ಎಂದು ಅವರು ಹೇಳಿಕೊಂಡದ್ದು ಇಂದಿಗೂ ಉಲ್ಲೇಖಗೊಳ್ಳುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಆ ಕೊಲೆಯನ್ನು ‘ಮಾರ್ಗ’ದ ವಿವಾದಕ್ಕೆ ಗಂಟು ಹಾಕುವ ರೂಢಿ ಇದೆ; ತನಿಖೆ ಬೊಟ್ಟು ಮಾಡಿದ್ದು ವಿಗ್ರಹಾರಾಧನೆಯ ಬಗ್ಗೆ 2014ರಲ್ಲಿ ಅವರು ಆಡಿದ ಮಾತುಗಳತ್ತ. ಎರಡನ್ನೂ ಬೇರೆಬೇರೆಯಾಗಿಯೇ ನೋಡುವುದು ಒಳ್ಳೆಯದು.

ಇಷ್ಟಕ್ಕೂ ಕಕ್ಕಯ್ಯನ ಹೆಸರು ಆ ಮನೆಗೆ ಹೊಸದೇ? ‘ಅಪ್ಪನು ನಮ್ಮ ಮಾದಾರ ಚೆನ್ನಯ್ಯ, ಬೊಪ್ಪನು ನಮ್ಮ ಡೋಹರ ಕಕ್ಕಯ್ಯ’ ಎಂದು ಬಸವಣ್ಣನವರೇ ಹಾಡಿದ್ದಾರೆ. ವಚನದಲ್ಲಿ ಭಕ್ತಿಯ ಬಳ್ಳಿಯಾಗಿ ಓದಿಸಿಕೊಳ್ಳುವ ಈ ನಂಟನ್ನು ಯಾರಾದರೂ ರಕ್ತದ ನಂಟೆಂದು ಓದಿದ ಕೂಡಲೇ ಅದು ಅಪಮಾನವಾಗುತ್ತದೆ. ಬಂಜಗೆರೆ ಜಯಪ್ರಕಾಶ ಅವರು ‘ಆನು ದೇವಾ ಹೊರಗಣವನು’ ಪುಸ್ತಕದಲ್ಲಿ ಬಸವಣ್ಣನವರ ಮೂಲ ಮಾದಿಗ ಸಮುದಾಯದಲ್ಲಿದೆ ಎಂದು ವಾದಿಸಿದಾಗ ನಡೆದದ್ದೂ ಇದೇ. ‘ಧರ್ಮಕಾರಣ’ದ ತೀರ್ಪು ಬಂದ 2007ರಲ್ಲೇ ಆ ಪುಸ್ತಕವೂ ಪ್ರಕಟವಾಗಿ, ಪ್ರತಿಭಟನೆ ಎದುರಿಸಿ, ಲೇಖಕರಿಂದ ಹಿಂತೆಗೆಯಲ್ಪಟ್ಟಿತು. ಜಾತಿಯನ್ನೇ ಅಲ್ಲಗಳೆದವರ ಹೆಸರಿನಲ್ಲಿ ಜಾತಿಯ ಕಾರಣಕ್ಕೇ ನೋವಾಗುವುದು ವಿಚಿತ್ರ. ಆ ನೋವು ನಟನೆಯೆಂದು ತಳ್ಳಿಹಾಕಿದರೂ ಚರಿತ್ರೆ ಅರ್ಥವಾಗುವುದಿಲ್ಲ.

ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ದ ಕಥೆ ತುಸು ಬೇರೆ. 1986ರ ಈ ನಾಟಕದ ಮೇಲೆ ದೊಡ್ಡ ವಿರೋಧ ಎದ್ದದ್ದು 1995ರಲ್ಲಿ, ಅದು ಪಠ್ಯವಾದ ಮೇಲೆ. ಹಾಗಾಗಿ ಹೊಸ್ತಿಲಿನ ಮಾತಿನ ಜೊತೆಗೆ ಇನ್ನೊಂದನ್ನೂ ಸೇರಿಸಿಕೊಳ್ಳಬೇಕು: ಓದುಗರ ಕೈಯಲ್ಲಿ ವರ್ಷಗಟ್ಟಲೆ ತಣ್ಣಗಿದ್ದ ಕೃತಿ ತರಗತಿಗೆ ಬಂದಾಗ, ಬಹುಮಾನದ ವೇದಿಕೆ ಏರಿದಾಗ ‘ಇದನ್ನು ಸರ್ಕಾರವೇ ಒಪ್ಪಿದೆ’ ಎಂಬ ಅರ್ಥ ಹುಟ್ಟುತ್ತದೆ, ಸಿಟ್ಟಿಗೆ ಒಂದು ವಿಳಾಸ ಸಿಗುತ್ತದೆ.

ಸಿಟ್ಟು ವಿಳಾಸ ಹುಡುಕಿ ಹೊರಟಾಗ ಅದರ ಕೈಗೆ ಸಿಗುವ ಕಾನೂನು ಬ್ರಿಟಿಷರ ಕಾಲದ್ದು. 1924ರಲ್ಲಿ ಲಾಹೋರಿನಲ್ಲಿ ಪ್ರಕಟವಾದ ಒಂದು ಕಿರುಹೊತ್ತಗೆಯ ಪ್ರಕಾಶಕನನ್ನು ಅಲ್ಲಿನ ಹೈಕೋರ್ಟ್ 1927ರಲ್ಲಿ ಬಿಡುಗಡೆ ಮಾಡಿದಾಗ, ಧರ್ಮನಿಂದೆಯನ್ನು ಹಿಡಿಯುವಂಥ ಕಲಮು ದಂಡಸಂಹಿತೆಯಲ್ಲಿಲ್ಲವೆಂದು ಅದೇ ವರ್ಷ 295ಎ ಸೇರಿಸಲಾಯಿತು. ಉದ್ದೇಶಪೂರ್ವಕವೂ ದುರುದ್ದೇಶದ್ದೂ ಆದ ಅಪಮಾನಕ್ಕೆ ಮಾತ್ರ ಅದು ಅನ್ವಯಿಸುತ್ತದೆ. 1957ರಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ಎತ್ತಿಹಿಡಿದದ್ದೂ ಈ ಬಿಗಿಯಾದ ಮಾತುಗಳಿರುವುದರಿಂದಲೇ. ಪುಸ್ತಕದ ಮುಟ್ಟುಗೋಲಿಗೆ ಮಾತ್ರ ಬೇರೆ ದಾರಿಯಿತ್ತು. ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನಡಿ ಒಂದು ಕೃತಿಯಲ್ಲಿ ಅಂಥ ಅಪರಾಧದ ಅಂಶವಿದೆಯೆಂದು ರಾಜ್ಯ ಸರ್ಕಾರಕ್ಕೆ ಕಂಡುಬಂದರೆ, ಆ ಅಭಿಪ್ರಾಯಕ್ಕೆ ಕಾರಣ ಕೊಟ್ಟು ಅಧಿಸೂಚನೆ ಹೊರಡಿಸಿದರೆ ಆಯಿತು. ಬಳಿಕ ಎಲ್ಲಿ ಸಿಕ್ಕಿದರೂ ಪೊಲೀಸರು ಪ್ರತಿಯನ್ನು ವಶಕ್ಕೆ ಪಡೆಯಬಹುದು. ಒಪ್ಪದವರು ಎರಡು ತಿಂಗಳೊಳಗೆ ಹೈಕೋರ್ಟಿನ ವಿಶೇಷ ಪೀಠದ ಮುಂದೆ ಹೋಗಬೇಕು.

‘ಧರ್ಮಕಾರಣ’ದ ತೀರ್ಪಿನ ಭಾರ ಬಿದ್ದದ್ದು ಇಲ್ಲಿಯೇ. ಸರ್ಕಾರದ ಮೇಲ್ನೋಟದ ಅಭಿಪ್ರಾಯ ತಪ್ಪೆಂದು, ಲೇಖಕನಿಗೆ ಆ ಉದ್ದೇಶವಿರಲಿಲ್ಲವೆಂದು ತೋರಿಸಿಕೊಡುವ ಹೊಣೆ ಅರ್ಜಿದಾರನದೇ ಎಂದು ನ್ಯಾಯಾಲಯ ಹೇಳಿತು. ಲೇಖಕನನ್ನು ಜೈಲಿಗೆ ಕಳಿಸಬೇಕಾದರೆ ಅವನ ದುರುದ್ದೇಶವನ್ನು ಸರ್ಕಾರ ಸಾಬೀತು ಮಾಡಬೇಕು; ಪುಸ್ತಕವನ್ನು ಅಂಗಡಿಯಿಂದ ಎತ್ತಿಸಬೇಕಾದರೆ ದುರುದ್ದೇಶ ಇರಲಿಲ್ಲವೆಂದು ಪುಸ್ತಕದ ಪರವಾದವರೇ ಸಾಬೀತು ಮಾಡಬೇಕು. ಇಲ್ಲದ್ದನ್ನು ಇಲ್ಲವೆಂದು ರುಜುವಾತು ಪಡಿಸುವುದು ಎಷ್ಟು ಕಷ್ಟವೆಂಬುದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

2024ರ ಜುಲೈ 1ರಿಂದ ದಂಡಸಂಹಿತೆಯೂ ಪ್ರಕ್ರಿಯಾ ಸಂಹಿತೆಯೂ ಹೆಸರು ಬದಲಿಸಿಕೊಂಡಿವೆ; 295ಎ ಈಗ ನ್ಯಾಯ ಸಂಹಿತೆಯ 299, 95 ಈಗ ನಾಗರಿಕ ಸುರಕ್ಷಾ ಸಂಹಿತೆಯ 98. ರಾಜ್ಯ ಸರ್ಕಾರಕ್ಕೆ ‘ಕಂಡುಬಂದರೆ’ ಎಂಬ ಮಾತು ಹೊಸ ಕಲಮಿನಲ್ಲೂ ಹಾಗೆಯೇ ಉಳಿದಿದೆ.