ನೋವು ಇದೆ, ರಿಪೋರ್ಟ್ ನಾರ್ಮಲ್: ಪಿತ್ತಕೋಶದ ನೋವು ಯಾಕೆ ಬೇಗ ಪತ್ತೆಯಾಗುವುದಿಲ್ಲ?

ಪ್ರಶ್ನೆ: ಊಟವಾಗಿ ಒಂದೆರಡು ಗಂಟೆಗೆ ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು ಶುರುವಾಗುತ್ತದೆ. ಬೆನ್ನಿಗೆ, ಬಲ ಹೆಗಲಿಗೆ ಹರಡುತ್ತದೆ. ಎರಡು ಮೂರು ಗಂಟೆ ಕಾಡಿ ಹೋಗುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಬರುತ್ತದೆ. ತೋರಿಸಿದಲ್ಲೆಲ್ಲ ಗ್ಯಾಸ್ ಎನ್ನುತ್ತಾರೆ. ಎಂಡೋಸ್ಕೋಪಿ, ರಕ್ತ ಪರೀಕ್ಷೆ ಎರಡೂ ನಾರ್ಮಲ್. ಇದು ಪಿತ್ತಕೋಶದ ನೋವು ಇರಬಹುದಾ? ಹಾಗಿದ್ದರೆ ಯಾರಿಗೂ ಯಾಕೆ ಗೊತ್ತಾಗುತ್ತಿಲ್ಲ?

ಉತ್ತರ: ಕೇಳುವವರ ವಯಸ್ಸು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ಚುಟುಕಾಗಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಈ ಸಲ ಉದ್ದಕ್ಕೇ ಬರೆಯುತ್ತೇನೆ.

ಮೊದಲು ನೇರ ಮಾತು. ಹೌದು, ಇರಬಹುದು. ನೀವು ಹೇಳಿದ ರೀತಿ ಪಿತ್ತಕೋಶದ ನೋವಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಒಂದು ವಿಷಯ ಗಮನಿಸಿದಿರಾ? ನಿಮ್ಮ ಪರೀಕ್ಷೆಗಳ ಪಟ್ಟಿಯಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್ ಇಲ್ಲವೇ ಇಲ್ಲ. ಪಿತ್ತಕೋಶವನ್ನು ಇನ್ನೂ ಯಾರೂ ನೋಡಿಲ್ಲ ಅಂತ ಅರ್ಥ.

ಈ ನೋವು ಹುಟ್ಟುವುದು ಹೇಗೆ ಅಂತ ತಿಳಿದರೆ ಉಳಿದದ್ದು ಸುಲಭ. ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ತಯಾರಿಸುತ್ತದೆ. ಅದರಲ್ಲಿ ಒಂದು ಪಾಲನ್ನು ಪಿತ್ತಕೋಶ ಗಟ್ಟಿ ಮಾಡಿ ಕೂಡಿಟ್ಟುಕೊಳ್ಳುತ್ತದೆ. ಅದು 30ರಿಂದ 50 ಮಿಲಿ ಹಿಡಿಸುವ ಪುಟ್ಟ ಚೀಲ, ಲಿವರ್‌ನ ಅಡಿಗೆ ಅಂಟಿಕೊಂಡಿರುತ್ತದೆ. ಜಿಡ್ಡಿನ ಆಹಾರ ಸಣ್ಣಕರುಳಿಗೆ ಇಳಿದಾಗ ಅಲ್ಲಿಂದ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನ್ ಹೊರಡುತ್ತದೆ. ಅದು ತಲುಪಿದಾಗ ಚೀಲ ಹಿಂಡಿಕೊಂಡು ರಸವನ್ನು ಹೊರಗೆ ತಳ್ಳುತ್ತದೆ. ಆ ಹೊತ್ತಿಗೆ ಪಿತ್ತರಸವೇ ಒಳಗೆ ಗಟ್ಟಿಯಾಗಿ ಆದ ಕಲ್ಲೊಂದು ಬಂದು ಚೀಲದ ಕುತ್ತಿಗೆಯಲ್ಲಿ ಸಿಕ್ಕಿಕೊಂಡರೆ ರಸಕ್ಕೆ ದಾರಿಯಿಲ್ಲ. ಚೀಲ ಮಾತ್ರ ಹಿಂಡುತ್ತಲೇ ಇರುತ್ತದೆ. ಒಳಗೆ ಒತ್ತಡ ಏರುತ್ತದೆ. ನೋವು ಅದೇ. ಕೊನೆಗೆ ಚೀಲ ಸಡಿಲವಾಗುತ್ತದೆ, ಕಲ್ಲು ಹಿಂದಕ್ಕೆ ಜಾರುತ್ತದೆ, ನೋವು ನಿಲ್ಲುತ್ತದೆ.

ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ನೋವು ತಾನಾಗಿಯೇ ನಿಲ್ಲುತ್ತದೆ. ಜನರನ್ನು ವರ್ಷಗಟ್ಟಲೆ ದಾರಿ ತಪ್ಪಿಸುವುದು ಇದೇ.

"ಆಸಿಡಿಟಿ ಮಾತ್ರೆ ತಗೊಂಡೆ, ಕಮ್ಮಿ ಆಯ್ತು. ಅಂದ್ರೆ ಗ್ಯಾಸೇ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಅಲುಗುವುದಿಲ್ಲ, ಆದ್ದರಿಂದ ಒಂದು ರಾತ್ರಿಯನ್ನೇ ಎತ್ತಿಕೊಳ್ಳೋಣ. ಹತ್ತು ಗಂಟೆಗೆ ನೋವು ಶುರು. ಸ್ವಲ್ಪ ಹೊತ್ತು ತಡೆದುಕೊಳ್ಳುತ್ತೀರಿ. ಬಿಸಿನೀರು ಕುಡಿದು ಅತ್ತಿತ್ತ ಓಡಾಡುತ್ತೀರಿ. ಹನ್ನೊಂದಕ್ಕೆ ಒಂದು ಮಾತ್ರೆ. ಹನ್ನೆರಡಕ್ಕೆ ಸಿರಪ್. ನಡುವೆ ಒಂದು ಸಲ ವಾಂತಿ. ಹನ್ನೆರಡೂವರೆಗೆ ನೋವು ಮಾಯ. ಕೊನೆಗೆ ಏನು ಕುಡಿದಿರೋ ಅದಕ್ಕೆ ಹೆಸರು ಬಂತು. ಏನೂ ಕುಡಿಯದಿದ್ದರೂ ಆ ನೋವು ಹನ್ನೆರಡೂವರೆಗೇ ಹೋಗುತ್ತಿತ್ತು! ಮುಂದಿನ ಸಲ ಅದೇ ಸಿರಪ್ಪನ್ನು ಶುರುವಿನಲ್ಲೇ ಕುಡಿಯುತ್ತೀರಿ, ನೋವು ಮತ್ತೆ ಎರಡೂವರೆ ಗಂಟೆ ಇರುತ್ತದೆ. ಆಗ ಸಿರಪ್ ಮೇಲೆ ಅನುಮಾನ ಬರುವುದಿಲ್ಲ, "ಈ ಸಲ ಗ್ಯಾಸ್ ಜಾಸ್ತಿ" ಅನಿಸುತ್ತದೆ.

ಒಂದು ತಿಂಗಳ ಮಾತ್ರೆಯ ಕೋರ್ಸ್ ಮುಗಿಸಿ ಆರಾಮಾಗಿದೆ ಎನ್ನುವವರ ಕಥೆಯೂ ಇದೇ. ಈ ನೋವು ಒಮ್ಮೆ ಬಂದು ಹೋದ ಮೇಲೆ ವಾರಗಳು, ಕೆಲವರಿಗೆ ತಿಂಗಳುಗಳೇ ಸುಮ್ಮನಿರುತ್ತದೆ. ಆ ಬಿಡುವಿನಲ್ಲಿ ಯಾವ ಔಷಧಿ ನಡೆಯುತ್ತಿತ್ತೋ ಅದು ಕೆಲಸ ಮಾಡಿದ ಹಾಗೆ ಕಾಣುತ್ತದೆ. ಜೊತೆಗೆ ಗ್ಯಾಸ್ ಅಂತ ಎಣ್ಣೆ, ಜಿಡ್ಡು ಬಿಟ್ಟಿರುತ್ತೀರಿ. ಜಿಡ್ಡು ಬಿಟ್ಟರೆ ಪಿತ್ತಕೋಶ ಜೋರಾಗಿ ಹಿಂಡುವ ಸಂದರ್ಭವೂ ಕಮ್ಮಿ. ಗ್ಯಾಸಿಗೆ ಅಂತ ಮಾಡಿದ ಪಥ್ಯ ಪಿತ್ತಕೋಶಕ್ಕೆ ಬಿಡುವು ಕೊಟ್ಟಿತು, ಅಷ್ಟೇ. ಹೊಟ್ಟೆಯ ಆಮ್ಲ ಇಳಿಸುವ ಮಾತ್ರೆಗೆ ಚೀಲದ ಕುತ್ತಿಗೆಯಲ್ಲಿರುವ ಕಲ್ಲನ್ನು ಸರಿಸುವ ಶಕ್ತಿಯಿಲ್ಲ.

"ತೇಗು ಬರುತ್ತದಲ್ಲ, ಹೊಟ್ಟೆ ಉಬ್ಬುತ್ತದಲ್ಲ?" ಅಂತ ಇನ್ನೊಂದು ವಾದ. ಪಿತ್ತಕೋಶದ ನೋವಿನ ಜೊತೆಗೂ ತೇಗು, ಉಬ್ಬರ, ವಾಕರಿಕೆ ಬರಬಹುದು. ಅವು ಇವೆ ಅಂದ ಮಾತ್ರಕ್ಕೆ ಪಿತ್ತಕೋಶ ಪಾರಾಗುವುದಿಲ್ಲ. ನೋಡಬೇಕಾದ್ದು ನೋವಿನ ನಡವಳಿಕೆಯನ್ನು. ಗ್ಯಾಸಿನ ನೋವು ಜಾಗ ಬದಲಿಸುತ್ತದೆ, ಹಿಡಿದು ಬಿಡುತ್ತದೆ, ಗಾಳಿ ಹೋದರೆ ಹಗುರಾಗುತ್ತದೆ. ಪಿತ್ತಕೋಶದ್ದು ಹಾಗಲ್ಲ. ಏರುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಕನಿಷ್ಠ ಅರ್ಧ ಗಂಟೆ, ಸಾಮಾನ್ಯವಾಗಿ ಕೆಲವು ಗಂಟೆ. ಹೇಗೆ ಮಲಗಿದರೂ, ಹೇಗೆ ಕುಳಿತರೂ ಸಮಾಧಾನವಿಲ್ಲ. ನಡುರಾತ್ರಿ ನಿದ್ದೆಯಿಂದ ಎಬ್ಬಿಸುವುದೂ ಉಂಟು.

ಇನ್ನು ರಿಪೋರ್ಟುಗಳು. ಎಂಡೋಸ್ಕೋಪಿ ನೋಡುವುದು ಅನ್ನನಾಳ, ಜಠರ ಮತ್ತು ಸಣ್ಣಕರುಳಿನ ಆರಂಭದ ಒಳಗೋಡೆಯನ್ನು. ಪಿತ್ತಕೋಶ ಅದರ ಹೊರಗಿದೆ. ಎಂಡೋಸ್ಕೋಪಿ ನಾರ್ಮಲ್, ಆದ್ದರಿಂದ ಪಿತ್ತಕೋಶ ಚೆನ್ನಾಗಿದೆ ಎನ್ನುವುದು ನಮ್ಮ ಮನೆಯೆಲ್ಲ ಹುಡುಕಿ ಪಕ್ಕದ ಮನೆಯಲ್ಲಿ ಕಳ್ಳನಿಲ್ಲ ಅಂದ ಹಾಗೆ. ಎಲ್‌ಎಫ್‌ಟಿ, ಅಂದರೆ ಲಿವರ್ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ, ನಾರ್ಮಲ್ ಇರುವುದರಲ್ಲೂ ಆಶ್ಚರ್ಯವಿಲ್ಲ. ಕಲ್ಲು ಸಿಕ್ಕಿಕೊಂಡಿರುವುದು ಚೀಲದ ಬಾಯಲ್ಲಿ. ಲಿವರ್‌ನಿಂದ ಕರುಳಿಗೆ ಹೋಗುವ ಮುಖ್ಯ ನಾಳ ತೆರೆದೇ ಇದೆ. ಸಿಟಿ ಸ್ಕ್ಯಾನ್ ಕೂಡ ಕೆಲವು ಕಲ್ಲುಗಳನ್ನು ಬಿಟ್ಟುಬಿಡುತ್ತದೆ. ಕೊಲೆಸ್ಟ್ರಾಲ್ ಕಲ್ಲು ಅದರಲ್ಲಿ ಸುತ್ತಲಿನ ಪಿತ್ತರಸದ ಬಣ್ಣದಲ್ಲೇ ಬೆರೆತುಹೋಗಬಹುದು. ದೊಡ್ಡ ಸ್ಕ್ಯಾನ್ ಮಾಡಿಸಿದೆವಲ್ಲ ಅಂತ ಸಮಾಧಾನಪಟ್ಟುಕೊಳ್ಳಬೇಡಿ.

ಇಲ್ಲಿ ಮೊದಲು ಮಾಡಬೇಕಾದದ್ದು ಸಾದಾ ಅಲ್ಟ್ರಾಸೌಂಡ್. ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ತಿಂದು ಹೋದರೆ ಚೀಲ ಮುದುಡಿಕೊಂಡಿರುತ್ತದೆ, ಒಳಗಿರುವುದು ಸರಿಯಾಗಿ ಕಾಣುವುದಿಲ್ಲ. ಬಲ ಪಕ್ಕೆಲುಬಿನ ಕೆಳಗೆ ತಣ್ಣನೆ ಜೆಲ್ ಹಚ್ಚಿ, ಉಸಿರು ಎಳೆದು ಹಿಡಿಯಲು ಹೇಳುತ್ತಾರೆ. ಪರದೆಯ ಮೇಲೆ ಪಿತ್ತರಸ ಕಪ್ಪಗೆ ಕಾಣುತ್ತದೆ. ಕಲ್ಲಿದ್ದರೆ ಅದರೊಳಗೆ ಬೆಳ್ಳಗೆ ಹೊಳೆಯುತ್ತದೆ, ಹಿಂದೆ ಉದ್ದಕ್ಕೆ ಕಪ್ಪು ನೆರಳು ಬಿದ್ದಿರುತ್ತದೆ. ಎಡಕ್ಕೆ ಹೊರಳಿ ಅಂತ ಹೇಳುವುದು ಸುಮ್ನೆ ಅಲ್ಲ. ಹೊರಳಿದಾಗ ಕಲ್ಲು ಉರುಳುತ್ತದೆ, ಗೋಡೆಗೆ ಅಂಟಿದ ಗಂಟಾದರೆ ಉರುಳುವುದಿಲ್ಲ.

ಅಲ್ಟ್ರಾಸೌಂಡ್ ಕೂಡ ನಾರ್ಮಲ್ ಬಂತು, ನೋವು ಮಾತ್ರ ನಿಂತಿಲ್ಲ. ಆಗ ಏನು? ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಮಾಡಿಸುವುದು ತಪ್ಪಲ್ಲ, ಪುಟ್ಟ ಕಲ್ಲುಗಳು ಮೊದಲ ಸಲ ತಪ್ಪಿಸಿಕೊಳ್ಳುತ್ತವೆ. ಬಾಯಿಯಿಂದ ಕೊಳವೆ ಇಳಿಸಿ ಒಳಗಿನಿಂದಲೇ ನೋಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಅಂತ ಬೇರೆಯೇ ಪರೀಕ್ಷೆ ಇದೆ, ಅದು ಮರಳಿನಂಥ ಕಣಗಳನ್ನೂ ಹಿಡಿಯುತ್ತದೆ. ಕಲ್ಲೇ ಇಲ್ಲದೆ ಚೀಲ ಸರಿಯಾಗಿ ಹಿಂಡದಿರುವ ತೊಂದರೆಯೂ ಉಂಟು. ಅದಕ್ಕೆ ಹೈಡಾ ಸ್ಕ್ಯಾನ್ (ಪಿತ್ತರಸದ ಓಡಾಟ ತೋರಿಸುವ ಸ್ಕ್ಯಾನ್) ಮಾಡಿ, ಎಷ್ಟು ಭಾಗ ರಸ ಹೊರಗೆ ಹೋಯಿತು ಅಂತ ಅಳೆಯುತ್ತಾರೆ. ಸಾಮಾನ್ಯವಾಗಿ ನೂರಕ್ಕೆ 40ಕ್ಕಿಂತ ಕಮ್ಮಿ ಬಂದರೆ ದುರ್ಬಲ ಎನ್ನುತ್ತಾರೆ.

ಡಾಕ್ಟರನ್ನು ಸುಮ್ನೆ ಬೈಯುವುದೂ ಸರಿಯಲ್ಲ. ಅವರು ನಿಮ್ಮನ್ನು ನೋಡುವುದು ನೋವಿಲ್ಲದ ದಿನ. ಅಲ್ಲದೆ ಕಲ್ಲಿರುವವರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಅದರಿಂದ ಏನೂ ಆಗುವುದಿಲ್ಲ. ಹಾಗಾಗಿ ಕಂಡ ಕಲ್ಲಿನ ಮೇಲೆಲ್ಲ ನೋವನ್ನು ಹೊರಿಸಲಾಗದು. ಆದರೆ "ನೀವು ತೆಳ್ಳಗಿದ್ದೀರಿ, ವಯಸ್ಸು ಚಿಕ್ಕದು, ಇದು ಪಿತ್ತಕೋಶ ಅಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದಪ್ಪಗಿರುವ, ನಲವತ್ತು ದಾಟಿದ ಹೆಂಗಸರಲ್ಲಿ ಇದು ಜಾಸ್ತಿ ನಿಜ. ಆದರೆ ಗಂಡಸರಿಗೂ ಬರುತ್ತದೆ, ಬಸುರಿಯರಿಗೂ ಬರುತ್ತದೆ. ಬೇಗ ಬೇಗ ತೂಕ ಇಳಿಸಿಕೊಂಡವರಿಗೆ ಬರುತ್ತದೆ. ಥಲಸ್ಸೀಮಿಯಾ, ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆ ಇರುವ ಮಕ್ಕಳಿಗೂ ಬರುತ್ತದೆ.

ನೀವು ಮಾಡಬೇಕಾದ ಮುಖ್ಯ ಕೆಲಸ ಬರೆದಿಡುವುದು. ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ನಿಂತಿತು, ಬೆರಳಿಟ್ಟು ತೋರಿಸುವುದಾದರೆ ಎಲ್ಲಿ, ಎಲ್ಲಿಗೆ ಹರಡಿತು, ಅದಕ್ಕೆ ಮೊದಲು ಏನು ತಿಂದಿದ್ದಿರಿ. ಡಾಕ್ಟರ್ ಮುಂದೆ "ಗ್ಯಾಸ್ಟ್ರಿಕ್ ಇದೆ" ಅಂತ ಮಾತು ಶುರುಮಾಡಬೇಡಿ, ದಯವಿಟ್ಟು. ಕಾಯಿಲೆಯ ಹೆಸರನ್ನು ನೀವೇ ಕೊಟ್ಟರೆ ಅದೇ ಚೀಟಿಯ ಮೇಲೆ ಬೀಳುತ್ತದೆ. "ಎರಡೂವರೆ ಗಂಟೆ ಬಿಡದೆ ನೋವಿತ್ತು, ಬಲ ಹೆಗಲಿಗೆ ಬಂತು" ಅನ್ನಿ. ಸಾಧ್ಯವಾದರೆ ನೋವಿರುವಾಗಲೇ ಹೋಗಿ. ಆಗ ಬಲ ಪಕ್ಕೆಲುಬಿನ ಕೆಳಗೆ ಬೆರಳೊತ್ತಿ ಉಸಿರೆಳೆಯಲು ಹೇಳುತ್ತಾರೆ. ಪಿತ್ತಕೋಶ ಊದಿಕೊಂಡಿದ್ದರೆ ಉಸಿರು ಅರ್ಧಕ್ಕೇ ನಿಂತುಹೋಗುತ್ತದೆ.

ಜ್ವರ, ಚಳಿ ನಡುಕ, ಕಣ್ಣು ಹಳದಿ, ಮೂತ್ರ ಗಾಢ, ಆರು ಗಂಟೆ ಕಳೆದರೂ ಇಳಿಯದ ನೋವು, ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ. ಬೆವರು, ಎದೆ ಬಿಗಿತ, ಏದುಸಿರು ಜೊತೆಗಿದ್ದರೆ ಅದು ಹೃದಯದ್ದೂ ಆಗಿರಬಹುದು. ಮೊದಲು ಇಸಿಜಿ.

ಯಾರೂ ಕೇಳದ ಒಂದು ಪ್ರಶ್ನೆ ಇದೆ. ಕೇಳಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಮೂತ್ರಕೋಶದ ಕಲ್ಲನ್ನು ಮಾತ್ರ ತೆಗೆಯುತ್ತಾರೆ, ಪಿತ್ತಕೋಶದಲ್ಲಿ ಕಲ್ಲಾದರೆ ಚೀಲವನ್ನೇ ಯಾಕೆ ತೆಗೆಯುತ್ತಾರೆ? ಹಿಂದೆ ಕಲ್ಲನ್ನು ಮಾತ್ರ ತೆಗೆದು ಚೀಲ ಬಿಡುತ್ತಿದ್ದರು, ಕಲ್ಲು ಮತ್ತೆ ಬರುತ್ತಿತ್ತು. ಕಲ್ಲನ್ನು ತಯಾರಿಸುವುದೇ ಆ ಚೀಲ, ಅದನ್ನೇ ತೆಗೆಯಬೇಕು ಅಂತ ಬರ್ಲಿನ್‌ನ ಸರ್ಜನ್ ಕಾರ್ಲ್ ಲಾಂಗೆನ್‌ಬುಖ್ ವಾದಿಸಿದರು. 1882ರಲ್ಲಿ ಮೊದಲ ಸಲ ತೆಗೆದೇ ತೋರಿಸಿದರು. ಕುದುರೆಗೆ, ಇಲಿಗೆ ಪಿತ್ತಕೋಶವೇ ಇಲ್ಲ, ಆದರೂ ಅವು ಆರಾಮಾಗಿ ಬದುಕುತ್ತವೆ. ಚೀಲ ಹೋದ ಮೇಲೆ ನಮ್ಮಲ್ಲೂ ಪಿತ್ತರಸ ಲಿವರ್‌ನಿಂದ ನೇರವಾಗಿ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಸ್ವಲ್ಪ ಕಾಲ ಭೇದಿಯಾಗುತ್ತದೆ, ಅದಕ್ಕೆ ಔಷಧಿಯಿದೆ. ಆಪರೇಷನ್ ಆದ ಮೇಲೂ ಅದೇ ಹಳೆಯ ನೋವು ಬಂದರೆ ಮಾತ್ರ ಮತ್ತೆ ಡಾಕ್ಟರ್ ಹತ್ತಿರ ಹೋಗಿ, ಮುಖ್ಯ ಪಿತ್ತನಾಳದಲ್ಲಿ ಕಲ್ಲು ಉಳಿದಿದೆಯಾ ನೋಡಿ ಅಂತ ಕೇಳಿ. ಆಗ ಎಲ್‌ಎಫ್‌ಟಿ ಮತ್ತು ಪಿತ್ತನಾಳಗಳನ್ನು ತೋರಿಸುವ ಎಂಆರ್‌ಸಿಪಿ ಸ್ಕ್ಯಾನ್ ಉಪಯೋಗಕ್ಕೆ ಬರುತ್ತವೆ.