ಫೋಲ್ಡರ್ ತೆರೆಯಲು ಎರಡು ಕ್ಲಿಕ್ ಯಾಕೆ ಬೇಕಾಯಿತು?

ಕಲಬುರಗಿಯ ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೆ ಈಗ ಬರುವ ವಯಸ್ಕರಲ್ಲಿ ಎಷ್ಟೋ ಮಂದಿ ಫೋನ್‌ನಲ್ಲಿ ಪಳಗಿದವರು. ಫೋನ್‌ನಲ್ಲಿ ಒಮ್ಮೆ ಮುಟ್ಟಿದರೆ ಆ್ಯಪ್ ತೆರೆಯುತ್ತದೆ. ಅದೇ ರೂಢಿಯಲ್ಲಿ ಫೋಲ್ಡರ್ ಮೇಲೆ ಒಮ್ಮೆ ಒತ್ತಿ ಕಾಯುತ್ತಾರೆ. ಅದು ನೀಲಿಯಾಗುತ್ತದೆ, ತೆರೆಯುವುದಿಲ್ಲ. ‘ಎರಡ್ ಸಲ ಹೊಡೀರಿ ಕಾಕಾ, ಜಲ್ದಿ ಹೊಡೀರಿ’ ಎಂದು ಕಲಿಸುವ ಹುಡುಗ ಹೇಳುತ್ತಾನೆ. ಯಾಕೆ ಎರಡು ಸಲ ಎಂದು ಕಾಕಾ ಕೇಳಿದರೆ ಅವನ ಬಳಿ ಉತ್ತರವಿರುವುದಿಲ್ಲ. ಉತ್ತರ ಮಾತ್ರ ಇದೆ, ಸುಮಾರು ನಲವತ್ತು ವರ್ಷಗಳಷ್ಟು ಹಳೆಯದು.

ಮೌಸ್‌ನ ಜನಕ, ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ 1968ರಲ್ಲಿ ಸಾರ್ವಜನಿಕವಾಗಿ ತೋರಿಸಿದ ಮೌಸ್‌ಗೆ ಮೂರು ಗುಂಡಿಗಳಿದ್ದವು. 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರ್‌ನ ಮೌಸ್‌ಗೆ ಎರಡು. ಸ್ಟಾರ್‌ನಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಾಗಿತ್ತು: ಪರದೆಯ ಮೇಲಿನ ಪುಟ್ಟ ಚಿತ್ರವನ್ನು, ಅಂದರೆ ಐಕಾನನ್ನು, ಮೌಸ್‌ನಿಂದ ಆರಿಸಿಕೊಳ್ಳುವುದು, ತೆರೆಯಲು ಕೀಬೋರ್ಡ್‌ನಲ್ಲಿದ್ದ ‘ಓಪನ್’ ಕೀಲಿ ಒತ್ತುವುದು. ಆರಿಸುವುದು ಒಂದು ಕೆಲಸ, ತೆರೆಯುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಜಾಗ.

1983ರಲ್ಲಿ ಬಂದ ಆ್ಯಪಲ್ ಕಂಪನಿಯ ಲಿಸಾ ಕಂಪ್ಯೂಟರ್, ಮರುವರ್ಷದ ಮ್ಯಾಕಿಂಟಾಶ್ ಈ ಹಂಚಿಕೆಯನ್ನು ಅಳಿಸಿದವು. ಹೊಸಬರು ಯಾವ ಗುಂಡಿ ಒತ್ತಬೇಕೆಂದು ಗೊಂದಲಪಡಬಾರದು ಎಂದು ಆ್ಯಪಲ್ ಮೌಸ್‌ಗೆ ಒಂದೇ ಗುಂಡಿ ಇಟ್ಟಿತು. ‘ಓಪನ್’ ಎಂಬುದು ಮೆನುವಿಗೆ ಹೋಯಿತು. ಪ್ರತಿ ಸಲ ಮೆನುವಿಗೆ ಹೋಗುವುದು ಬೇಸರದ ಕೆಲಸವಾದ್ದರಿಂದ ಬೇಗ ಬೇಗ ಎರಡು ಸಲ ಒತ್ತಿದರೂ ತೆರೆಯುವಂತೆ ಮಾಡಿದರು. ಡಬಲ್ ಕ್ಲಿಕ್ ಅಲ್ಲಿ ಕೈ ಪಳಗಿದವರಿಗಿದ್ದ ಅಡ್ಡದಾರಿ. ನಾವು ಅದನ್ನೇ ಹೆದ್ದಾರಿ ಮಾಡಿಕೊಂಡು ಹೊಸಬರನ್ನು ಮೊದಲ ದಿನವೇ ಅದರ ಮೇಲೆ ನಡೆಸುತ್ತಿದ್ದೇವೆ.

ವಿಂಡೋಸ್ 95 ಇದನ್ನು ಇನ್ನಷ್ಟು ಕಲಸಿತು. ಸ್ಟಾರ್ಟ್ ಬಟನ್‌ಗೆ, ಟಾಸ್ಕ್‌ಬಾರ್‌ಗೆ ಒಂದು ಕ್ಲಿಕ್. ಅದೇ ಪರದೆಯ ಮೇಲಿನ ಐಕಾನ್‌ಗೆ ಎರಡು. ಅಷ್ಟರಲ್ಲಿ ವೆಬ್ ಬಂತು. ವೆಬ್‌ನ ಜನಕ ಟಿಮ್ ಬರ್ನರ್ಸ್ ಲೀ ಬರೆದ ಮೊದಲ ಬ್ರೌಸರ್‌ನಲ್ಲಿ ಲಿಂಕ್‌ಗೂ ಡಬಲ್ ಕ್ಲಿಕ್ ಬೇಕಿತ್ತು, ಏಕೆಂದರೆ ಅಲ್ಲೇ ಪುಟವನ್ನು ತಿದ್ದಲೂ ಬರುತ್ತಿತ್ತು, ಒಂದು ಕ್ಲಿಕ್ ತಿದ್ದುವ ಜಾಗ ಗುರುತಿಸಲು ಬೇಕಿತ್ತು. 1993ರ ಮೊಸಾಯಿಕ್ ಬರಿ ಓದುವ ಬ್ರೌಸರ್. ಅಲ್ಲಿ ಒಂದೇ ಕ್ಲಿಕ್ ಸಾಕಾಯಿತು, ಅದೇ ಜಗತ್ತಿಗೆಲ್ಲ ರೂಢಿಯಾಯಿತು. ವಿಂಡೋಸ್ 98 ಫೋಲ್ಡರ್‌ಗಳನ್ನೂ ವೆಬ್‌ನಂತೆ ಒಂದೇ ಕ್ಲಿಕ್‌ಗೆ ತೆರೆಯುವ ಆಯ್ಕೆ ಕೊಟ್ಟಿತು. ಅದನ್ನು ಹುಡುಕಿ ಬದಲಿಸುವ ಗೋಜಿಗೆ ಹೋದವರು ಕಡಿಮೆ.

ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಬಳಸುವ ಕೆಡಿಇ ಎಂಬ ಡೆಸ್ಕ್‌ಟಾಪ್ ಬಹುಕಾಲ ಒಂದೇ ಕ್ಲಿಕ್ಕಿಗೆ ನಿಷ್ಠವಾಗಿತ್ತು. 2024ರ ಫೆಬ್ರುವರಿಯಲ್ಲಿ ಬಂದ ಪ್ಲಾಸ್ಮಾ 6 ಆವೃತ್ತಿಯಲ್ಲಿ ಅದೂ ಡಬಲ್ ಕ್ಲಿಕ್ಕನ್ನೇ ಮೂಲ ಆಯ್ಕೆಯಾಗಿಸಿತು. ಬೇರೆ ವ್ಯವಸ್ಥೆಗಳಿಂದ ಬರುವವರ ಕೈ ಎರಡಕ್ಕೇ ಒಗ್ಗಿರುತ್ತದೆ ಎಂಬುದು ಕಾರಣ. ಒಂದೇ ಕ್ಲಿಕ್ಕಿಗೂ ತೊಡಕಿದೆ ಎಂಬುದು ನಿಜ: ಫೈಲನ್ನು ಬರಿ ಆರಿಸಲು ಹೋದರೆ ಅದು ತೆರೆದುಕೊಂಡೇ ಬಿಡುತ್ತದೆ.

ಆದರೂ ಡಬಲ್ ಕ್ಲಿಕ್ ಕಲಿಯುವವರ ಕೈಯನ್ನು ಹತ್ತಿರದಿಂದ ನೋಡಬೇಕು. ವಿಂಡೋಸ್‌ನಲ್ಲಿ ಎರಡು ಒತ್ತುಗಳ ನಡುವೆ ಸಾಮಾನ್ಯವಾಗಿ ಇರುವ ಗಡುವು 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡ್. ಕಾಕಾ ಒಮ್ಮೆ ಒತ್ತಿ, ಬಾಣದ ಗುರುತು ಸರಿಯಾಗಿದೆಯೇ ಎಂದು ನೋಡಿ, ಮತ್ತೆ ಒತ್ತುವಷ್ಟರಲ್ಲಿ ಆ ಗಡುವು ಮುಗಿದಿರುತ್ತದೆ. ಎರಡನೆಯ ಒತ್ತು ಫೋಲ್ಡರಿನ ಹೆಸರಿನ ಮೇಲೆ ಬಿದ್ದರೆ ಹೆಸರು ಬದಲಿಸುವ ಚೌಕ ತೆರೆಯುತ್ತದೆ. ಗಾಬರಿಯಲ್ಲಿ ಯಾವುದೋ ಕೀಲಿ ತಾಗಿದರೆ ಇದ್ದ ಹೆಸರೂ ಅಳಿಯುತ್ತದೆ. ಒತ್ತುವಾಗ ಕೈ ನಡುಗಿದರೆ ಫೋಲ್ಡರ್ ಪಕ್ಕದ ಫೋಲ್ಡರ್‌ನೊಳಗೆ ಸೇರಿ ಕಣ್ಮರೆ. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗೆ ತಯಾರಾಗುವ ಸರ್ಕಾರಿ ನೌಕರರು ‘ಇದು ನಮ್ ಕೈಲೆ ಆಗಂಗಿಲ್ಲ ಬಿಡ್ರಿ’ ಅನ್ನುವುದು ಇಂಥ ಹೊತ್ತಿನಲ್ಲೇ. ಇದರಲ್ಲಿ ಅವರ ತಪ್ಪಿಲ್ಲ. ಆ ಅರ್ಧ ಸೆಕೆಂಡನ್ನು ಅವರನ್ನು ಕೇಳಿ ಯಾರೂ ಗೊತ್ತುಮಾಡಲಿಲ್ಲ.

ಕಲಿಸುವವರು ಪಾಠಕ್ಕೆ ಮೊದಲು ಕಂಟ್ರೋಲ್ ಪ್ಯಾನೆಲ್‌ನ ಮೌಸ್ ವಿಭಾಗಕ್ಕೆ ಹೋಗಿ ಡಬಲ್ ಕ್ಲಿಕ್ ವೇಗವನ್ನು ನಿಧಾನದ ಕಡೆಗೆ ಸರಿಸಬಹುದು. ಪಕ್ಕದಲ್ಲೇ ಪರೀಕ್ಷಿಸಲು ಒಂದು ಪುಟ್ಟ ಫೋಲ್ಡರ್ ಚಿತ್ರವಿದೆ. ಕಾಕಾನ ಕೈಯಲ್ಲಿ ಅದು ತೆರೆಯುವವರೆಗೂ ಸರಿಸಬೇಕು. ಅಷ್ಟಾದರೂ ಒಗ್ಗದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಒಂದೇ ಕ್ಲಿಕ್ ಆರಿಸಿಕೊಡಿ. ಹಂಚಿಕೊಂಡು ಬಳಸುವ ಕಂಪ್ಯೂಟರ್ ಆದರೆ ಏನನ್ನೂ ಬದಲಿಸದೆ, ಒಮ್ಮೆ ಒತ್ತಿ ಎಂಟರ್ ಕೀಲಿ ಹೊಡೆಯುವುದನ್ನು ಕಲಿಸಿದರೂ ಫೋಲ್ಡರ್ ತೆರೆಯುತ್ತದೆ.